ಶಿರಸಿಯ ಮಾಳಿಗೆ ಮೇಲೊಂದು ಮೈನಿಂಗ್ ರಿಗ್: ಆರಿಸಿದ್ದು, ಪರೀಕ್ಷಿಸಿದ್ದು, ಸುಟ್ಟುಕೊಂಡಿದ್ದು

2021ರ ಬೇಸಿಗೆ. ಲಾಕ್‌ಡೌನ್ ಅಂತ ಬೆಂಗಳೂರು ಬಿಟ್ಟು ಶಿರಸಿ ಹತ್ತಿರದ ನಮ್ಮನೆಗೆ ಬಂದು ಕೂತಿದ್ದೆ. ಈಥೀರಿಯಂ ಅನ್ನೋ ಕ್ರಿಪ್ಟೋ ಜಾಲದ ನಾಣ್ಯ ಈಥರ್; ಅದರ ಬೆಲೆ ಏರಿತ್ತು, ಗ್ರಾಫಿಕ್ಸ್ ಕಾರ್ಡ್ ಬೆಲೆಯೂ ಅದರ ಹಿಂದೆಯೇ ಏರಿತ್ತು. ಅಂಥ ಹೊತ್ತಲ್ಲೇ ಮೈನಿಂಗ್ ರಿಗ್ ಕಟ್ಟಲು ಹೊರಟೆ, ಅಂದರೆ ಗ್ರಾಫಿಕ್ಸ್ ಕಾರ್ಡುಗಳಿಂದ ಹಗಲೂ ರಾತ್ರಿ ಲೆಕ್ಕ ಮಾಡಿಸಿ ಈಥರ್ ಗಳಿಸುವ ಕಂಪ್ಯೂಟರ್. ಜಾಣತನವೇನಲ್ಲ, ಗೊತ್ತು.

4 ಜಿಬಿ ಮೆಮೊರಿಯ ಹಳೇ ಕಾರ್ಡುಗಳು ಕಮ್ಮಿಗೆ ಸಿಗುತ್ತಿದ್ದವು. ಮುಟ್ಟಲಿಲ್ಲ. ಈಥೀರಿಯಂ ಮೈನಿಂಗಿಗೆ ಡ್ಯಾಗ್ ಅನ್ನೋ ದೊಡ್ಡ ಫೈಲು ಕಾರ್ಡಿನ ಮೆಮೊರಿಯಲ್ಲೇ ಕೂರಬೇಕಿತ್ತು. 2020ರ ಕೊನೆಗೇ ಅದು 4 ಜಿಬಿ ದಾಟಿತ್ತು. ಎನ್‌ವಿಡಿಯಾದ 30 ಸರಣಿಯ ಹೊಸ ಕಾರ್ಡುಗಳಿಗೆ ಮೈನಿಂಗ್ ವೇಗ ಇಳಿಸುವ ಬೀಗ ಬೀಳುತ್ತಿತ್ತು. ಹಾಗಾಗಿ ಬೀಗವಿಲ್ಲದ ಜಿಟಿಎಕ್ಸ್ 1660 ಸೂಪರ್ ಎರಡು ಹೊಸದು ತಂದೆ. ಜೊತೆಗೆ ಹುಬ್ಬಳ್ಳಿಯಿಂದ ಆರ್‌ಎಕ್ಸ್ 580, 8 ಜಿಬಿಯದು, ಎರಡು ಸೆಕೆಂಡ್ ಹ್ಯಾಂಡ್. ಪ್ರೊಸೆಸರ್‌ಗೆ ದುಡ್ಡು ಸುರಿಯಲಿಲ್ಲ, ಮನೆಯಲ್ಲಿದ್ದ ಹಳೇದೇ ಸಾಕಾಯಿತು.

ಸೆಕೆಂಡ್ ಹ್ಯಾಂಡ್ ಕಾರ್ಡನ್ನು ನೋಡುವುದು ದನ ಕೊಳ್ಳುವಾಗ ಹಲ್ಲು ನೋಡಿದ ಹಾಗೆ. ಮಾರುವವರು ಮೂರು ಕಾರ್ಡು ಮುಂದಿಟ್ಟರು. ಒಂದೊಂದನ್ನೇ ಹಾಕಿ, ಕಾರ್ಡಿನ ಜಾತಕ ತೋರಿಸುವ ಜಿಪಿಯು-ಝಡ್ ಅನ್ನೋ ತಂತ್ರಾಂಶ ತೆರೆದೆ. ಒಂದರಲ್ಲಿ ಶೇಡರ್, ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಗಳ ಎಣಿಕೆ 2304 ಇರಬೇಕಾದ ಕಡೆ 2048 ಇತ್ತು. ಹೆಸರು 580, ಒಳಗೆ ಅದಕ್ಕಿಂತ ಕೆಳಗಿನ 570ರಷ್ಟೇ ಸರಕು. ಅದನ್ನು ಅಲ್ಲೇ ಬಿಟ್ಟೆ. ಆಮೇಲೆ ಸ್ಕ್ರೂ ನೋಡಿದೆ. ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಕಿವಿ ಕೊಟ್ಟೆ.

ಎಲ್ಲರೂ ಫರ್‌ಮಾರ್ಕ್ ಹಾಕಿ ನೋಡು ಅಂತಾರೆ. ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಈ ತಂತ್ರಾಂಶ ಮುಖ್ಯವಾಗಿ ಚಿಪ್ಪನ್ನು ಕಾಯಿಸುತ್ತದೆ. ಈಥೀರಿಯಂ ಮೈನಿಂಗ್ ದುಡಿಸುತ್ತಿದ್ದುದು ಮೆಮೊರಿಯನ್ನು. ನಾನು ಮೈನಿಂಗ್ ತಂತ್ರಾಂಶವನ್ನೇ ಓಡಿಸಿ, ಯಂತ್ರದ ಸ್ಥಿತಿ ತೋರಿಸುವ ಹೆಚ್‌ಡಬ್ಲ್ಯೂ-ಇನ್ಫೋದಲ್ಲಿ ಮೆಮೊರಿ ಎರರ್ ಎಣಿಕೆ ನೋಡುತ್ತಾ ಕೂತೆ. ಮೊದಲ ಹತ್ತು ನಿಮಿಷ ಎಲ್ಲ ಕಾರ್ಡೂ ಸಾಧುವೇ. ಕಾದ ಮೇಲೆ ಬುದ್ಧಿ ತೋರಿಸೋದು. ಹಾಗಾಗಿ ಮನೆಗೆ ತಂದ ಮೇಲೂ ಪ್ರತಿ ಕಾರ್ಡನ್ನು ಒಂಟಿಯಾಗಿ ಒಂದೊಂದು ರಾತ್ರಿ ಓಡಿಸಿದೆ. ನಾಲ್ಕನ್ನೂ ಒಟ್ಟಿಗೆ ಹಾಕಿದ ಮೇಲೆ ತಪ್ಪು ಯಾರದ್ದು ಅಂತ ಹುಡುಕೋದು ಇದೆಯಲ್ಲ, ಅದು ಬೇಡ. ಮದರ್‌ಬೋರ್ಡ್ ಮೂರೇ ಕಾರ್ಡು ತೋರಿಸಿದಾಗ ಅರ್ಧ ದಿನ ತಲೆ ಕೆಡಿಸಿಕೊಂಡೆ. ಬಯಾಸ್‌ನಲ್ಲಿ ‘ಅಬವ್ 4ಜಿ ಡೀಕೋಡಿಂಗ್’ ಅನ್ನೋ, ಹೆಚ್ಚು ಕಾರ್ಡುಗಳಿಗೆ ಜಾಗ ಕೊಡುವ ಆಯ್ಕೆ ಆನ್ ಮಾಡಿರಲಿಲ್ಲ, ಅಷ್ಟೇ.

ಇನ್ನು ಕರೆಂಟು. ಇದರಲ್ಲೇ ನಾನು ಜಾಸ್ತಿ ಕಲಿತದ್ದು, ಮೂಗಿನಿಂದಲೇ ಕಲಿತದ್ದು. ಕಾರ್ಡುಗಳನ್ನು ದೂರ ದೂರ ಕೂರಿಸಲು ರೈಸರ್ ಬೇಕು, ಅಂದರೆ ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟಿಗೆ ಕೇಬಲ್ಲಿನಲ್ಲಿ ಜೋಡಿಸುವ ಪುಟ್ಟ ಬೋರ್ಡು. ಅಗ್ಗದ ರೈಸರ್ ಜೊತೆ ಒಂದು ಸಾಟಾ ಕನ್ವರ್ಟರ್ ವೈರು ಬಂದಿತ್ತು, ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಕನೆಕ್ಟರಿನಿಂದ ರೈಸರಿಗೆ ಎಳೆಯುವಂಥದ್ದು. ಸುಮ್ನೆ ಅದನ್ನೇ ಹಾಕಿದೆ. ನಾಲ್ಕನೇ ದಿನ ಮಧ್ಯಾಹ್ನ ಮಾಳಿಗೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಓಡಿ ಹೋಗಿ ಪ್ಲಗ್ ಕಿತ್ತೆ. ಕಪ್ಪು ಕನೆಕ್ಟರ್ ಬೆಲ್ಲದ ಪಾಕದ ಹಾಗೆ ಜಗ್ಗಿತ್ತು, ಹಳದಿ ವೈರಿನ ಬುಡ ಕಂದಾಗಿತ್ತು. ಲೆಕ್ಕ ಆಮೇಲೆ ಹಾಕಿದೆ: ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್, ಕಾರ್ಡು ಸ್ಲಾಟಿನಿಂದ 75 ವ್ಯಾಟ್‌ವರೆಗೂ ಎಳೆಯಬಹುದು. ಅಂದಿನಿಂದ ರೈಸರಿಗೆ ಪವರ್ ಸಪ್ಲೈನಿಂದ ನೇರ 6 ಪಿನ್ ವೈರೇ. ಸಪ್ಲೈ 850 ವ್ಯಾಟಿನದು. ಅದರ ಮೇಲೆ 500ಕ್ಕಿಂತ ಜಾಸ್ತಿ ಹೊರಿಸಲಿಲ್ಲ.

ಪರದೆ ಮೇಲಿನ ವ್ಯಾಟನ್ನೂ ನಂಬಬೇಡಿ. ಆರ್‌ಎಕ್ಸ್ 580 ತೋರಿಸುವುದು ಚಿಪ್ಪಿನ ಪಾಲು ಮಾತ್ರ, ಇಡೀ ಕಾರ್ಡಿನದ್ದಲ್ಲ. ಗೋಡೆಯ ಸಾಕೆಟ್ಟಿಗೆ ಮೀಟರ್ ಹಾಕಿ ನೋಡಿದೆ. ವೋಲ್ಟೇಜ್ ಇಳಿಸಿ ಹದ ಮಾಡಿದ ಮೇಲೆ ನಾಲ್ಕೂ ಸೇರಿ ಸೆಕೆಂಡಿಗೆ 120 ಮೆಗಾಹ್ಯಾಶ್ (ಅಂದರೆ 12 ಕೋಟಿ ಲೆಕ್ಕ), ಸುಮಾರು 500 ವ್ಯಾಟ್. ಅಂದರೆ ದಿನಕ್ಕೆ 12 ಯುನಿಟ್, ತಿಂಗಳಿಗೆ 360. ಆಯಿ ಒಮ್ಮೆ ಮೇಲೆ ಬಂದು ಫ್ಯಾನಿನ ಗಾಳಿಗೆ ಕೈಯೊಡ್ಡಿ, “ಇದ್ರ ಮೇಲೆ ಅಡಿಕೆ ಒಣಗ್ಸಲೆ ಅಡ್ಡಿಲ್ಲೆ ನೋಡು ತಮಾ” ಅಂದಳು.

ಮಳೆಗಾಲ ಬೇರೆಯೇ ಕಥೆ. ಓಡುತ್ತಿರುವ ರಿಗ್ಗಿಗೆ ತೇವದ ಹೆದರಿಕೆ ಇಲ್ಲ, ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ನಿಂತಾಗಲೇ ತೊಂದರೆ. ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ವಾಪಸ್ ಬಂದಾಗ ಎರಡು ಕಾರ್ಡು ಕಾಣುತ್ತಲೇ ಇರಲಿಲ್ಲ. ಬಿಚ್ಚಿ ನೋಡಿದರೆ ಸ್ಲಾಟಿಗೆ ಕೂರುವ ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದೆ. ಎರಡೂ ಎದ್ದವು. ಕರೆಂಟ್ ಬಂದ ಕೂಡಲೇ ವೋಲ್ಟೇಜ್ ಕುಣಿಯುತ್ತದಲ್ವಾ, ಅದಕ್ಕೆ ಮೂರು ನಿಮಿಷ ತಡೆದು ಕೊಡುವ ಸ್ಟೆಬಿಲೈಸರ್ ಹಾಕಿಸಿದೆ. ಗುಡುಗು ಶುರುವಾದರೆ ಮಾತ್ರ ಪ್ಲಗ್ಗೂ ನೆಟ್ ಕೇಬಲ್ಲೂ ಕೀಳಲೇಬೇಕು. ಇರುವೆ, ಹಲ್ಲಿಗಳಿಗೂ ಬೆಚ್ಚಗಿನ ಜಾಗ ಅಂದರೆ ಇಷ್ಟ. ಸೊಳ್ಳೆ ಪರದೆಯ ತುಂಡು ಸುತ್ತಿದ್ದೆ, ವಾರಕ್ಕೊಮ್ಮೆ ಧೂಳು ಕೊಡವಬೇಕಾಗುತ್ತಿತ್ತು.

2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ ಬಂತು, ಕರೆಂಟ್ ಬಿಲ್ಲನ್ನು ಅದರಲ್ಲಿ ಕಳೆಯುವ ಹಾಗೂ ಇಲ್ಲ. ಅದೇ ವರ್ಷ ಸೆಪ್ಟೆಂಬರ್ 15ಕ್ಕೆ ಈಥೀರಿಯಂ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಬೇರೆ ಕಾಯಿನ್ ಒಂದು ವಾರ ನೋಡಿದೆ, ಬಿಲ್ಲಿನ ದುಡ್ಡೂ ಹುಟ್ಟಲಿಲ್ಲ. ಕಾರ್ಡು ಮಾರಲು ಇಟ್ಟೆ.

ಕೊಳ್ಳಲು ಬಂದವನು ಕಾಲೇಜು ಹುಡುಗ. ಮೈನಿಂಗಿಗೆ ಓಡಿಸಿದ ಕಾರ್ಡು ಅಂತ ಮೊದಲೇ ಹೇಳಿದೆ. ಎರಡು ತಾಸು ನಿನ್ನೆದುರೇ ಓಡಿಸ್ತೇನೆ, ಕೂತ್ಕೋ ಅಂದೆ. ಚಾ ಕುಡಿದು ಕೂತ. ಮೆಮೊರಿ ಎರರ್ ಸೊನ್ನೆ. ಹೊರಡುವ ಮುಂಚೆ ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಕಿವಿ ಕೊಟ್ಟ. “ಅಣ್ಣಾ, ಇದರ ಬೇರಿಂಗ್ ಗರಗರ ಅಂತಿದೆ” ಅಂದ. ನಾನೂ ಕಿವಿ ಇಟ್ಟೆ. ಹೌದು, ಅಂತಿತ್ತು. ಐನೂರು ರೂಪಾಯಿ ಕಮ್ಮಿ ಮಾಡಿದೆ.