ದಿನವಿಶೇಷದ ಹಲಗೆ ಬರೆಯುವ ಕ್ರಮ

ನಮ್ಮ ಸಂಘದ ವಾಚನಾಲಯದ ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ಇದೆ. ಆಯಾ ತಾರೀಖಿನಂದು ಹಿಂದೆ ನಡೆದ ಮೂರು ನಾಲ್ಕು ಘಟನೆಗಳನ್ನು ಪ್ರತಿದಿನ ಬೆಳಿಗ್ಗೆ ಅದರ ಮೇಲೆ ಬರೆಯುವ ಕೆಲಸವನ್ನು ನಾನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಮುಂಬಯಿಯ ಬೇರೆ ಉಪನಗರಗಳ ಕನ್ನಡ ಸಂಘಗಳವರು ತಮ್ಮಲ್ಲಿಯೂ ಇಂಥ ಹಲಗೆ ಇಡಬೇಕೆಂದು ಇದರ ಕ್ರಮವನ್ನು ಕೇಳುತ್ತಿರುವುದರಿಂದ, ನಾನು ಅನುಸರಿಸುವ ವಿಧಾನವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಲಗೆಯ ಮುಂದೆ ನಿಲ್ಲುವವರು ಯಾರು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನಮ್ಮಲ್ಲಿಗೆ ಬರುವವರಲ್ಲಿ ಹುಡುಗರಾಗಿದ್ದಾಗಲೇ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರಿದ್ದಾರೆ, ಬ್ಯಾಂಕುಗಳಿಂದ ನಿವೃತ್ತರಾದವರಿದ್ದಾರೆ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತ ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಕಲಿಯುವ ಮಕ್ಕಳಿದ್ದಾರೆ. ಜಗತ್ತಿನಲ್ಲಿ ಆ ದಿನ ನಡೆದದ್ದೆಲ್ಲವನ್ನೂ ಇವರಿಗೆ ಒಪ್ಪಿಸುವುದು ನಮ್ಮ ಕೆಲಸವಲ್ಲ. ಇವರ ಬದುಕಿಗೆ ಎಲ್ಲೋ ಒಂದು ಕಡೆ ತಾಗುವ, ತಾರೀಖು ಖಚಿತವಾಗಿರುವ ಮೂರು ನಾಲ್ಕು ವಾಕ್ಯಗಳಷ್ಟೇ ಸಾಕು.

ಇದಕ್ಕಾಗಿ ಒಂದು ದಪ್ಪ ನೋಟುಪುಸ್ತಕವನ್ನು ತೆಗೆದುಕೊಂಡು ಜನವರಿ 1ರಿಂದ ಡಿಸೆಂಬರ್ 31ರವರೆಗೆ, ಫೆಬ್ರವರಿ 29ನ್ನೂ ಸೇರಿಸಿ, 366 ಪುಟಗಳಿಗೆ ತಲೆಬರಹ ಹಾಕಿ. ಓದುವಾಗ ಯಾವುದಾದರೂ ತಾರೀಖು ಕಣ್ಣಿಗೆ ಬಿದ್ದರೆ ಆ ಪುಟಕ್ಕೆ ಹೋಗಿ ವರ್ಷ, ಸ್ಥಳ, ನಡೆದದ್ದು ಏನು, ಎಲ್ಲಿ ಓದಿದ್ದು ಎಂಬ ನಾಲ್ಕು ಅಂಶಗಳನ್ನು ಬರೆಯಿರಿ. ನಾಲ್ಕನೆಯದನ್ನು ಬಿಡಲೇಬಾರದು, ಏಕೆಂದರೆ ಮುಂದೆ ಯಾರಾದರೂ ಪ್ರಶ್ನಿಸಿದಾಗ ನಮ್ಮನ್ನು ಕಾಯುವುದು ಅದೊಂದೇ. ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳಲ್ಲಿ ತಾರೀಖು ಸಿಕ್ಕಮೇಲೆಯೇ ನಾನು ಅದರ ಪಕ್ಕದಲ್ಲಿ ಗುರುತು ಹಾಕುತ್ತೇನೆ. ಗುರುತಿಲ್ಲದ ಸಾಲು ಹಲಗೆಗೆ ಏರುವುದಿಲ್ಲ. ಒಂದು ಪುಸ್ತಕವನ್ನು ನೋಡಿ ಬರೆದ ಇನ್ನೊಂದು ಪುಸ್ತಕ ಎರಡನೆಯ ಮೂಲವಾಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ವರ್ಷದಲ್ಲಿ ತಪ್ಪಾಗುವುದು ಕಡಿಮೆ, ದಿನದಲ್ಲಿ ತಪ್ಪಾಗುವುದೇ ಹೆಚ್ಚು. ಏಪ್ರಿಲ್ 14ರ ಪುಟವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1865ರಲ್ಲಿ ಅಬ್ರಹಾಂ ಲಿಂಕನ್ ಅವರಿಗೆ ವಾಷಿಂಗ್ಟನ್ನಿನ ನಾಟಕಶಾಲೆಯಲ್ಲಿ ಗುಂಡು ತಗುಲಿದ್ದು 14ರ ರಾತ್ರಿ. ಅವರು ತೀರಿಕೊಂಡದ್ದು 15ರ ಬೆಳಿಗ್ಗೆ. 1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದದ್ದು 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ. ಅದು ಮುಳುಗಿದ್ದು ನಡುರಾತ್ರಿ ಕಳೆದು 2 ಗಂಟೆ 20 ನಿಮಿಷಕ್ಕೆ, ಅಂದರೆ 15ರಂದು. ನನ್ನ ಮೊದಲ ವರ್ಷದಲ್ಲಿ ‘ಟೈಟಾನಿಕ್ ಮುಳುಗಿದ ದಿನ’ ಎಂದು 14ರಂದೇ ಬರೆದಿದ್ದೆ. ಹಡಗಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಬಡಿದದ್ದು ಬೇರೆ, ಮುಳುಗಿದ್ದು ಬೇರೆ ಮಾರಾಯರೇ’ ಎಂದರು. ಕ್ರಿಯಾಪದವೇ ತಾರೀಖನ್ನು ನಿರ್ಧರಿಸುತ್ತದೆ ಎಂಬುದನ್ನು ಅಂದಿನಿಂದ ನಾನು ಮರೆತಿಲ್ಲ.

ಅದೇ ಏಪ್ರಿಲ್ 14 ಮುಂಬಯಿಯ ಪಾಲಿಗೆ ಇನ್ನೂ ಭಾರವಾದ ದಿನ. 1944ರಲ್ಲಿ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿಗೆ ಮಧ್ಯಾಹ್ನ ಬೆಂಕಿ ಹತ್ತಿತು. ಹತ್ತಿಯ ಮೂಟೆಗಳು, ಯುದ್ಧಕ್ಕಾಗಿ ತಂದ ಸ್ಫೋಟಕಗಳು, ಚಿನ್ನದ ಗಟ್ಟಿಗಳು ಎಲ್ಲವೂ ಆ ಒಂದೇ ಹಡಗಿನಲ್ಲಿದ್ದವು. ಸಂಜೆ ನಾಲ್ಕರ ಹೊತ್ತಿಗೆ ಒಂದು, ಸುಮಾರು ಅರ್ಧ ಗಂಟೆಯ ಬಳಿಕ ಇನ್ನೊಂದು ಸ್ಫೋಟವಾಗಿ, ಡಾಕನ್ನೂ ಸುತ್ತಲಿನ ಬೀದಿಗಳನ್ನೂ ಸುಟ್ಟುಹಾಕಿದವು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರಲ್ಲಿ 66 ಮಂದಿ ಮಡಿದರು. ಅವರ ನೆನಪಿನಲ್ಲಿಯೇ ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವನ್ನಾಗಿ ಆಚರಿಸುತ್ತಾರೆ. ಯುದ್ಧಕಾಲದ ಸೆನ್ಸಾರಿನ ಕಾರಣದಿಂದ ಈ ದುರಂತದ ಪೂರ್ಣ ವರದಿಗಳು ಇಲ್ಲಿನ ಪತ್ರಿಕೆಗಳಲ್ಲಿ ಬಹಳ ತಡವಾಗಿ ಬಂದವು. ಆದ್ದರಿಂದ ಪತ್ರಿಕೆಯ ತಲೆಯ ಮೇಲಿನ ತಾರೀಖನ್ನು ಘಟನೆಯ ತಾರೀಖೆಂದು ಎಂದೂ ಭಾವಿಸಬಾರದು. ಸಾಮಾನ್ಯ ಕಾಲದಲ್ಲಿಯೂ ಅದು ಮರುದಿನದ್ದೇ ಆಗಿರುತ್ತದೆ. ಸತ್ತವರ ಒಟ್ಟು ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಕೊಡುತ್ತಾರಾದ್ದರಿಂದ ‘ನೂರಾರು ಜನ’ ಎಂದು ಬರೆಯುವುದೇ ಸರಿಯೆಂದು ನನಗೆ ತೋರುತ್ತದೆ.

1891ರ ಏಪ್ರಿಲ್ 14ರಂದು ಮಹೂ ಎಂಬಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಹುಟ್ಟಿದರು. ನಮ್ಮ ಹಲಗೆಯಲ್ಲಿ ಆ ದಿನ ಮೊದಲು ಅವರ ಹೆಸರು, ಬಳಿಕ ಡಾಕಿನ 66 ಮಂದಿ ಇರುತ್ತಾರೆ. ಜಾಗ ಉಳಿದರೆ ಮಾತ್ರ ಟೈಟಾನಿಕ್. ತುಳುವರ ಬಿಸು ಹಬ್ಬವೂ ಬಹುಮಟ್ಟಿಗೆ ಅದೇ ತಾರೀಖಿಗೆ ಬರುವುದರಿಂದ ಅದನ್ನು ಮೂಲೆಯಲ್ಲಿ ಪ್ರತ್ಯೇಕವಾಗಿ ಬರೆಯುತ್ತೇನೆ.

ಪಂಚಾಂಗ, ಕ್ಯಾಲೆಂಡರುಗಳ ವಿಷಯಕ್ಕೆ ಬಂದಾಗ ಇನ್ನಷ್ಟು ನಿಧಾನಿಸಬೇಕು. ಷೇಕ್ಸ್‌ಪಿಯರ್ ತೀರಿಕೊಂಡ ದಿನ 1616ರ ಏಪ್ರಿಲ್ 23. ಸ್ಪೇನಿನ ಲೇಖಕ ಸೆರ್ವಾಂಟಿಸ್ ತೀರಿಕೊಂಡದ್ದೂ ಅದೇ ದಿನವೆಂದು ಬಹಳ ಕಡೆ ಬರೆದಿರುತ್ತಾರೆ. ಆದರೆ ಇಂಗ್ಲೆಂಡು ಆಗ ಹಳೆಯ ಜೂಲಿಯನ್ ಕ್ಯಾಲೆಂಡರನ್ನೂ, ಸ್ಪೇನು ಹೊಸ ಗ್ರೆಗೋರಿಯನ್ ಕ್ಯಾಲೆಂಡರನ್ನೂ ಬಳಸುತ್ತಿದ್ದುದರಿಂದ ಇಂಗ್ಲೆಂಡಿನ ಏಪ್ರಿಲ್ 23 ಬಂದದ್ದು ಸ್ಪೇನಿನ ಏಪ್ರಿಲ್ 23 ಕಳೆದು ಹತ್ತು ದಿನಗಳಾದ ಮೇಲೆ. ಅಂಕಿ ಒಂದೇ, ದಿನ ಬೇರೆ. ರಷ್ಯದ ‘ಅಕ್ಟೋಬರ್ ಕ್ರಾಂತಿ’ ಈಗಿನ ಲೆಕ್ಕದಲ್ಲಿ 1917ರ ನವೆಂಬರ್ 7ಕ್ಕೆ ಬೀಳುವುದೂ ಇದೇ ಕಾರಣದಿಂದ. ಇಂಗ್ಲೆಂಡು ಹೊಸ ಪದ್ಧತಿಗೆ ಬಂದದ್ದು 1752ರಲ್ಲಿ; ಅಲ್ಲಿ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಆಯಿತು. ಅದಕ್ಕೆ ಮೊದಲು ಇಂಗ್ಲಿಷರ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ, ಬೊಂಬಾಯಿಯ ಆರಂಭಕಾಲದ ಕಾಗದಪತ್ರಗಳಿಂದ ತಾರೀಖು ತೆಗೆಯುವವರು ಜನವರಿಯಿಂದ ಮಾರ್ಚಿನವರೆಗಿನ ದಿನಗಳಲ್ಲಿ ವರ್ಷವನ್ನೂ ಪರೀಕ್ಷಿಸಬೇಕು.

ನಮ್ಮದೇ ತಿಥಿಗಳ ಲೆಕ್ಕ ಬೇರೆ. ಶಿವಾಜಿ ಮಹಾರಾಜರ ಜನನ ಶಕ 1551ರ ಫಾಲ್ಗುಣ ವದ್ಯ (ಕೃಷ್ಣಪಕ್ಷದ) ತೃತೀಯಾ. ಮಹಾರಾಷ್ಟ್ರ ಸರ್ಕಾರ ಅದನ್ನು ಫೆಬ್ರವರಿ 19ರಂದು ಆಚರಿಸುತ್ತದೆ, ತಿಥಿಯಂತೆ ಆಚರಿಸುವವರೂ ಈ ನಗರದಲ್ಲಿದ್ದಾರೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂದು ಶಾಲೆಯಲ್ಲಿ ಕಲಿಸುತ್ತಾರೆ. ಆದರೆ ಶಕವರ್ಷ ಚೈತ್ರದಿಂದ ಆರಂಭವಾಗುವುದರಿಂದ ಫಾಲ್ಗುಣದ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆಗ 79 ಕೂಡಿಸಬೇಕು. 1551ಕ್ಕೆ 79 ಸೇರಿಸಿದಾಗಲೇ 1630 ದೊರೆಯುವುದು. ಶಾಸನಗಳ ವಿಷಯದಲ್ಲಿ ಆಸೆಯನ್ನು ಹಿಡಿತದಲ್ಲಿಡಬೇಕು: ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನ ನಮಗೆಷ್ಟೇ ಪ್ರಿಯವಾದರೂ ಅದರಲ್ಲಿರುವುದು ಶಕ 556 ಎಂಬ ವರ್ಷವೇ ಹೊರತು ದಿನವಲ್ಲ, ಆದ್ದರಿಂದ ಅದಕ್ಕೆ ನಮ್ಮ ಪುಸ್ತಕದಲ್ಲಿ ಪುಟವಿಲ್ಲ.

ದೂರದೇಶದ ಘಟನೆಗಳಲ್ಲಿ ಗಡಿಯಾರವೂ ತಾರೀಖನ್ನು ಬದಲಿಸುತ್ತದೆ. ಮನುಷ್ಯರನ್ನು ಹೊತ್ತ ನೌಕೆ ಮೊದಲ ಬಾರಿಗೆ ಚಂದ್ರನ ಮೇಲೆ ಇಳಿದದ್ದು ಅಮೆರಿಕದ ಲೆಕ್ಕದಲ್ಲಿ 1969ರ ಜುಲೈ 20. ಮುಂಬಯಿಯಲ್ಲಿ ಆಗ 21ರ ನಸುಕಿನ 1 ಗಂಟೆ 47 ನಿಮಿಷ. ನಾನು ಇದನ್ನು 20ರಂದೇ ಬರೆದು, ‘ಅಮೆರಿಕದ ಕಾಲಮಾನ’ ಎಂದು ಸೇರಿಸುತ್ತೇನೆ.

ಆಯ್ಕೆಯಲ್ಲಿ ನಮ್ಮ ವಿವೇಚನೆ ಹೆಚ್ಚು ಬೇಕಾಗುವುದು ನವೆಂಬರ್ 1ರಂದು. 1956ರ ಆ ದಿನ ಕನ್ನಡನಾಡು ಒಂದಾಯಿತು, 1973ರ ಅದೇ ದಿನ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು ಎಂದು ಎಲ್ಲ ಸಂಘಗಳವರೂ ಬರೆಯುತ್ತಾರೆ, ಬರೆಯಲೇಬೇಕು. ಆದರೆ ಮುಂಬಯಿಯ ಕನ್ನಡಿಗರಿಗೆ ಆ ದಿನದ ಇನ್ನೊಂದು ಮುಖವೂ ತಿಳಿದಿರಬೇಕು. ಅಕ್ಟೋಬರ್ 31ರ ರಾತ್ರಿಯವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಧಾರವಾಡದಿಂದ ಇಲ್ಲಿಗೆ ಬಂದವರು ತಮ್ಮದೇ ರಾಜಧಾನಿಗೆ ಬಂದಿದ್ದರು. ಮರುದಿನ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಗುಜರಾತಿ ಮತ್ತು ಮರಾಠಿ ಪ್ರದೇಶಗಳನ್ನು ಕೂಡಿಸಿದ ವಿಶಾಲ ದ್ವಿಭಾಷಾ ಮುಂಬಯಿ ರಾಜ್ಯ ಹುಟ್ಟಿತು, ಯಶವಂತರಾವ್ ಚವ್ಹಾಣರು ಅದರ ಮುಖ್ಯಮಂತ್ರಿಯಾದರು. ಊರು ಸೇರಿಕೊಂಡ ದಿನವೇ ಇಲ್ಲಿದ್ದವರು ಹೊರನಾಡಿನವರಾದರು. ಈ ಸಾಲನ್ನು ಬರೆದ ವರ್ಷ ಹಲಗೆಯ ಮುಂದೆ ಇಬ್ಬರು ಹಿರಿಯರು ಬಹಳ ಹೊತ್ತು ನಿಂತಿದ್ದರು.

ಒಂದೇ ತಾರೀಖಿಗೆ ಬಿದ್ದ ಮಾತ್ರಕ್ಕೆ ಘಟನೆಗಳಿಗೆ ಸಂಬಂಧ ಕಲ್ಪಿಸಬಾರದು. ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರ ಜುಲೈ 1ರಂದು. ಅದೇ ಊರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನು ಆರಂಭಿಸಿದ್ದು 1906ರ ಜುಲೈ 1ರಂದು. ಎರಡನ್ನೂ ಒಟ್ಟಿಗೆ ಓದಿದಾಗ ಸಂತೋಷವಾಗುತ್ತದೆ, ಆದರೆ ‘ಆದ್ದರಿಂದ’ ಎಂಬ ಪದಕ್ಕೆ ಅಲ್ಲಿ ಸ್ಥಳವಿಲ್ಲ. ಮಾರ್ಚ್ 12ರಂದು ಇದು ಇನ್ನೂ ಸೂಕ್ಷ್ಮವಾಗುತ್ತದೆ. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟದ್ದು ಆ ದಿನ. 1993ರಲ್ಲಿ ಈ ನಗರದಲ್ಲಿ ಸರಣಿ ಬಾಂಬ್ ಸ್ಫೋಟವಾಗಿ 257 ಮಂದಿ ಸತ್ತದ್ದೂ ಆ ದಿನ. ಓದುವವರಲ್ಲಿ ಆ ಮಧ್ಯಾಹ್ನ ನಗರದ ಫೋರ್ಟ್ ಪ್ರದೇಶದಲ್ಲಿ ಕೆಲಸಕ್ಕಿದ್ದವರು ಇರಬಹುದಾದ್ದರಿಂದ ನಡುವೆ ಗೆರೆ ಎಳೆದು, ಸ್ಫೋಟದ ಸಂಗತಿಯನ್ನು ವಿಶೇಷಣಗಳಿಲ್ಲದೆ, ಒಂದೇ ವಾಕ್ಯದಲ್ಲಿ ಬರೆಯುತ್ತೇನೆ.

ವಾಕ್ಯ ಕಟ್ಟುವಾಗ ‘ಮೊದಲ’ ಎಂಬ ಪದವನ್ನು ತೂಗಿ ಬಳಸಬೇಕು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 14 ಬೋಗಿಗಳಲ್ಲಿ ಸುಮಾರು 400 ಜನರನ್ನು ಹೊತ್ತು 34 ಕಿಲೋಮೀಟರ್ ಓಡಿದ್ದು ಭಾರತದ ಮೊದಲ ‘ಪ್ರಯಾಣಿಕ’ ರೈಲು. ಕಲ್ಲು ಸಾಗಿಸುವ ಹಳಿ ಮದರಾಸಿನ ಬಳಿ ಅದಕ್ಕೂ ಮುಂಚೆಯೇ ಇತ್ತು. ಆ ಒಂದು ಪದ ಬಿಟ್ಟುಹೋದರೆ ಸಾಲೇ ಸುಳ್ಳಾಗುತ್ತದೆ. ತಪ್ಪು ಕಂಡುಬಂದ ದಿನ ಸದ್ದಿಲ್ಲದೆ ಒರೆಸಬೇಡಿ. ಮರುದಿನ ಹಲಗೆಯ ತಲೆಯಲ್ಲಿಯೇ ‘ತಿದ್ದುಪಡಿ’ ಎಂದು ಬರೆದು ಸರಿಯಾದದ್ದನ್ನು ಕೊಡಿ, ನೋಟುಪುಸ್ತಕದಲ್ಲಿಯೂ ಹಳೆಯದನ್ನು ಅಳಿಸದೆ ಗೆರೆ ಎಳೆದು ಪಕ್ಕದಲ್ಲಿ ತಿದ್ದಿ.

ಕೊನೆಗೆ ಫೆಬ್ರವರಿ 29. ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದು ಮುಂದೆ ಪ್ರಧಾನಿಯಾದ ಮೊರಾರ್ಜಿ ದೇಸಾಯಿಯವರು ಹುಟ್ಟಿದ್ದು 1896ರ ಆ ದಿನ. 1900 ಅಧಿಕ ವರ್ಷವಾಗಿರಲಿಲ್ಲವಾದ್ದರಿಂದ ಅವರ ಹುಟ್ಟಿದ ತಾರೀಖು ಮತ್ತೆ ಬರುವಾಗ ಅವರಿಗೆ ಎಂಟು ತುಂಬಿತ್ತು. ಉಳಿದ ವರ್ಷಗಳಲ್ಲಿ ಈ ಸಾಲನ್ನು 28ಕ್ಕೋ ಮಾರ್ಚ್ 1ಕ್ಕೋ ತಳ್ಳಬೇಡಿ. ಆ ಪುಟ ನಾಲ್ಕು ವರ್ಷ ಕಾಯಲಿ.