ನಗರ ಚೇತರಿಸಿಕೊಂಡಿತಾ? ದಿನದಿನದ ಅಂಕಿ ಹಿಡಿದು ಅಳೆಯುವುದು ಹೀಗೆ

ನೆರೆ ಇರಲಿ, ಭೂಕಂಪ ಇರಲಿ, ಲಾಕ್‌ಡೌನ್ ಇರಲಿ, ಒಂದು ನಗರಕ್ಕೆ ದೊಡ್ಡ ಏಟು ಬಿದ್ದ ಮೇಲೆ ಎಲ್ಲರೂ ಕೇಳುವುದು ಒಂದೇ: ವ್ಯಾಪಾರ ವಹಿವಾಟು ಮೊದಲಿನ ಹಾಗೆ ಆಯ್ತಾ? ಜಿಡಿಪಿ ನೋಡಿ ಹೇಳೋಣ ಅಂದ್ರೆ ಅದು ತಡ. ನಗರ ಮಟ್ಟದ ಜಿಡಿಪಿ ಸಿಗುವ ಕಡೆಯೂ ಅದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬರುತ್ತದೆ, ಅದೂ ಆ ವರ್ಷ ಮುಗಿದು ಎಷ್ಟೋ ತಿಂಗಳಾದ ಮೇಲೆ. ಅಷ್ಟರಲ್ಲಿ ಬಾಗಿಲು ಹಾಕುವ ಅಂಗಡಿಗಳು ಹಾಕಿಯಾಗಿರುತ್ತವೆ. ಹಾಗಾಗಿ ದಿನಕ್ಕೋ ವಾರಕ್ಕೋ ಬರುವ ಅಂಕಿಗಳನ್ನೇ ಹಿಡಿಯಬೇಕು. ಹಿಡಿಯುವ ರೀತಿ ಮಾತ್ರ ಸರಿಯಿರಬೇಕು.

ಶುರುವಿನಲ್ಲೇ ನಿಮ್ಮ ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. "ನಗರ ಹೇಗಿದೆ" ಅನ್ನುವುದನ್ನು ಅಳೆಯಲು ಆಗುವುದಿಲ್ಲ. ಕಚೇರಿಗಳಿಗೆ ಜನ ಬರುತ್ತಿದ್ದಾರಾ, ಅಂಗಡಿಗಳಲ್ಲಿ ಖರ್ಚು ಮಾಡುತ್ತಿದ್ದಾರಾ, ಹೊಸ ಕೆಲಸ ಹುಟ್ಟುತ್ತಿದೆಯಾ, ಇವನ್ನು ಅಳೆಯಬಹುದು.

ಆಮೇಲೆ "ಮೊದಲಿನ ಹಾಗೆ" ಅಂದರೆ ಯಾವಾಗಿನ ಹಾಗೆ ಅಂತ ನಿಗದಿ ಮಾಡಿ. ನನ್ನ ಪ್ರಕಾರ ಅರ್ಧ ಕೆಲಸ ಇರುವುದೇ ಇಲ್ಲಿ. 2020ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಮೊಬಿಲಿಟಿ ವರದಿಗಳನ್ನು (ಕಚೇರಿ, ಅಂಗಡಿ, ಪಾರ್ಕುಗಳಿಗೆ ಜನರ ಓಡಾಟ ಎಷ್ಟು ಅಂತ ಫೋನಿನ ಸ್ಥಳ ಮಾಹಿತಿಯಿಂದ ತೋರಿಸುವ ವರದಿಗಳು) ಶುರು ಮಾಡಿತಲ್ಲ, ಅದರಲ್ಲಿ ಹೋಲಿಕೆಗೆ ಇಟ್ಟುಕೊಂಡಿದ್ದು 2020ರ ಜನವರಿ 3ರಿಂದ ಫೆಬ್ರುವರಿ 6ರವರೆಗಿನ 5 ವಾರಗಳನ್ನು. ಚಳಿ ದೇಶಗಳಲ್ಲಿ ಆಗ ಕೊರೆಯುವ ಚಳಿಗಾಲ, ಪಾರ್ಕಿಗೆ ಬರುವವರೇ ಕಡಿಮೆ. ಜೂನ್ ಬಂದಾಗ ಅಲ್ಲಿನ ಪಾರ್ಕುಗಳ ಅಂಕಿ ಸಿಕ್ಕಾಪಟ್ಟೆ ಏರಿತು. ಅದರಲ್ಲಿ ಚೇತರಿಕೆ ಎಷ್ಟು, ಬರೀ ಬೇಸಿಗೆಯ ಬಿಸಿಲು ಎಷ್ಟು? ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ಆದಷ್ಟು ಹಿಂದಿನ ಮಾಮೂಲಿ ವರ್ಷದ ಅದೇ ವಾರಕ್ಕೆ ಹೋಲಿಸಿ, ಮಂಗಳವಾರವನ್ನು ಮಂಗಳವಾರಕ್ಕೇ ಹೋಲಿಸಿ. ಹಬ್ಬ ಒಂದು ವರ್ಷ ಒಂದು ವಾರ, ಇನ್ನೊಂದು ವರ್ಷ ಇನ್ನೊಂದು ವಾರ ಬಂದಿದ್ದರೆ ಆ ವಾರಗಳಿಗೆ ಗುರುತು ಹಾಕಿಡಿ. ಇನ್ನು ಏಟು ಬಿದ್ದ ವರ್ಷವನ್ನೇ ಹೋಲಿಕೆಗೆ ಇಟ್ಟುಕೊಳ್ಳಲೇಬೇಡಿ, ಪಾತಾಳದಿಂದ ನೋಡಿದರೆ ಎಲ್ಲವೂ ಎತ್ತರವೇ.

ಈಗ ಅಂಕಿ ಆರಿಸಿ. ಒಂದೇ ಸಾಲದು, ಬೇರೆ ಬೇರೆ ಜಾತಿಯ ಮೂರು ನಾಲ್ಕು ಬೇಕು. ಮೆಟ್ರೊ, ಬಸ್ಸಿನ ಪ್ರಯಾಣಿಕರ ಲೆಕ್ಕ ನಂಬಿಕಸ್ತ. ಆದರೆ ಜನ ಸ್ವಂತ ಗಾಡಿಗೆ ಬದಲಾಗಿದ್ದರೆ ಅದು ತೋರಿಸುವುದಿಲ್ಲ. ಕಾರ್ಡ್ ಮತ್ತು ಡಿಜಿಟಲ್ ಪಾವತಿ ಬೇಗ ಸಿಗುತ್ತದೆ. ಆದರೆ ನಗದು ಬಿಟ್ಟು ಫೋನಿನಲ್ಲಿ ಕೊಡುವವರು ಜಾಸ್ತಿಯಾದರೂ ಅದು ಏರುತ್ತದೆ, ಬೆಲೆ ಏರಿದರೂ ಏರುತ್ತದೆ, ಆದ್ದರಿಂದ ಹಣದುಬ್ಬರ ಕಳೆದೇ ನೋಡಬೇಕು. ಫೋನಿನ ಸ್ಥಳ ಮಾಹಿತಿಯಲ್ಲಿ ಕಾಣುವುದು ಸ್ಮಾರ್ಟ್‌ಫೋನ್ ಇರುವವರು ಮಾತ್ರ. ವಿದ್ಯುತ್ ಬಳಕೆ, ಉದ್ಯೋಗ ಜಾಹೀರಾತು ಕೂಡ ಉಪಯೋಗಕ್ಕೆ ಬರುತ್ತವೆ. ಚಂಡಮಾರುತದಂಥ ಅನಾಹುತಕ್ಕೆ ಉಪಗ್ರಹ ತೆಗೆದ ರಾತ್ರಿ ಬೆಳಕಿನ ಚಿತ್ರ ತುಂಬ ಒಳ್ಳೆಯದು. 2017ರಲ್ಲಿ ಮರಿಯಾ ಚಂಡಮಾರುತ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊಗೆ ಬಡಿದ ಮೇಲೆ ಯಾವ ಬಡಾವಣೆಗೆ ಕರೆಂಟು ಬಂತು, ಯಾವುದು ಇನ್ನೂ ಕತ್ತಲಲ್ಲಿದೆ ಅಂತ ನಾಸಾ ವಿಜ್ಞಾನಿಗಳು ಹಾಗೆಯೇ ಪತ್ತೆ ಮಾಡಿದರು.

ದಿನದ ಅಂಕಿ ಒಂದು ಮಳೆ ಬಂದರೂ ಕುಣಿಯುತ್ತದೆ. 7 ದಿನಗಳ ಸರಾಸರಿ ತೆಗೆಯಿರಿ.

ಮುಂದೆ ಎಲ್ಲವನ್ನೂ ಒಂದೇ ಅಳತೆಗೆ ತನ್ನಿ, ಮೊದಲಿನ ಮಟ್ಟವೇ 100. ಶೇಕಡಾವಾರು ಬದಲಾವಣೆಯನ್ನು ಸುಮ್ನೆ ನಂಬಿದರೆ ಮೋಸ ಹೋಗುತ್ತೀರಿ. 100 ಇದ್ದದ್ದು 40ಕ್ಕೆ ಬಿತ್ತು ಅಂದುಕೊಳ್ಳಿ, ಅಂದರೆ ಶೇ 60 ಇಳಿಕೆ. ಅಲ್ಲಿಂದ 80ಕ್ಕೆ ಏರಿತು. "ಶೇ 100 ಏರಿಕೆ" ಅಂತ ದೊಡ್ಡಕ್ಷರದಲ್ಲಿ ಹಾಕಬಹುದು, ಲೆಕ್ಕವೂ ತಪ್ಪಲ್ಲ, ಆದರೆ ನಗರಕ್ಕೆ ಇನ್ನೂ 20 ಬಾಕಿ ಇದೆ ಅಲ್ವಾ?

ಇಷ್ಟಾದ ಮೇಲೆ ಇಡೀ ನಗರದ ಸರಾಸರಿಯನ್ನು ಭಾಗ ಭಾಗವಾಗಿ ಒಡೆಯಿರಿ. ಸರಾಸರಿಗೇ ನಿಲ್ಲಿಸುವವರು ಬಹಳ, ನಿಜವಾದ ವಿಷಯ ಇರುವುದು ಇದರ ಒಳಗೆ. ನ್ಯೂಯಾರ್ಕ್ ಮೆಟ್ರೊದಲ್ಲಿ ಕೋವಿಡ್ ನಂತರ ಶನಿವಾರ, ಭಾನುವಾರದ ಪ್ರಯಾಣಿಕರು ವಾರದ ದಿನಗಳವರಿಗಿಂತ ಬೇಗ ಹಳೆಯ ಮಟ್ಟದತ್ತ ಬಂದರು. ಸುತ್ತಾಟ ಮರಳಿತು, ಕಚೇರಿ ಮರಳಲಿಲ್ಲ. ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟರೆ ಕಚೇರಿಗಳ ಸುತ್ತಲಿನ ಚಿಕ್ಕ ಅಂಗಡಿಯವರ ಕಷ್ಟ ಯಾರಿಗೂ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಆಪರ್ಚುನಿಟಿ ಇನ್‌ಸೈಟ್ಸ್ ತಂಡ 2020ರಲ್ಲಿ ಇಂಥದ್ದನ್ನೇ ಅಮೆರಿಕದ ಖಾಸಗಿ ಕಂಪನಿಗಳ ಮಾಹಿತಿಯಲ್ಲಿ ಕಂಡಿತು: ಖರ್ಚು ಹೆಚ್ಚು ಇಳಿಸಿದವರು ಶ್ರೀಮಂತರು, ಅವರ ಬಡಾವಣೆಗಳ ಅಂಗಡಿ, ಹೋಟೆಲುಗಳಲ್ಲಿ ಕೆಲಸ ಕಳೆದುಕೊಂಡವರು ಕಡಿಮೆ ಸಂಬಳದವರು. ಬಡಾವಣೆ, ಆದಾಯ, ವಾರದ ದಿನ, ಈ ಮೂರು ಬಗೆಯಲ್ಲಾದರೂ ಒಡೆದು ನೋಡಿ.

ಸರ್ಕಾರದ ನಿಧಾನದ ಅಂಕಿಗಳು ಕೊನೆಗೆ ಬಂದಾಗ ನಿಮ್ಮ ಲೆಕ್ಕವನ್ನು ಅವುಗಳ ಪಕ್ಕ ಇಟ್ಟು ನೋಡಿ. ಯಾವ ಸೂಚಕ ಪದೇ ಪದೇ ಬೇರೆ ದಾರಿ ಹಿಡಿಯುತ್ತದೋ ಅದನ್ನು ಮುಂದಿನ ಸಲ ಬಿಡಿ. ಮತ್ತೆ, ಕಂಪನಿಗಳು ಕೊಡುವ ಮಾಹಿತಿ ಸದಾ ಇರುತ್ತದೆ ಅಂದುಕೊಳ್ಳಬೇಡಿ. ಆಪಲ್ 2022ರ ಏಪ್ರಿಲ್‌ನಲ್ಲಿ, ಗೂಗಲ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಓಡಾಟದ ಅಂಕಿ ಕೊಡುವುದನ್ನು ನಿಲ್ಲಿಸಿದವು. ಹಳೆಯ ಅಂಕಿಗಳನ್ನು ಆಮೇಲೆ ತಿದ್ದುವುದೂ ಉಂಟು. ಇಳಿಸಿಕೊಂಡ ಪ್ರತಿ ಫೈಲಿನ ಹೆಸರಿನಲ್ಲೂ ಆ ದಿನದ ತಾರೀಖು ಹಾಕಿ ಎತ್ತಿಡಿ.