ಗೋದಲಿಯಲ್ಲಿ ಉಳಿದ ಮೇವನ್ನೂ ತೂಗಿದೆ

ಹಿರಿಯೂರು ಕಡೆಯ ನಮ್ಮ ಹೊಲದಲ್ಲಿ 10 ಟಗರುಮರಿಗಳನ್ನು ಕಟ್ಟಿ ಮೇಯಿಸಿದ ಮೊದಲ ವರ್ಷ ತೂಕ ನೋಡಿದ್ದು ಎರಡೇ ಸಲ: ಕೊಂಡಾಗ ಮತ್ತು ಮಾರಿದಾಗ. ಮಧ್ಯೆ ಎಷ್ಟು ಮೇವು ಖರ್ಚಾಯಿತೆಂದು ಬರೆದಿಡಲಿಲ್ಲ. ಮರುವರ್ಷ ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ, ಗೋಣಿಚೀಲದ ಜೋಲಿಯಲ್ಲಿ 15 ದಿನಕ್ಕೊಮ್ಮೆ ತೂಗತೊಡಗಿದೆ. ಅದೂ ಬೆಳಗ್ಗೆ, ಮೇವು ನೀರು ಇಡುವ ಮೊದಲು. ಹೊಟ್ಟೆ ತುಂಬಿದ ಮೇಲೆ ತೂಗಿದರೆ ಒಂದೆರಡು ಕೆ.ಜಿ. ಬರೀ ಮೇವು ನೀರಿನದೇ ಇರುತ್ತದೆ.

ಗೋದಲಿಯಲ್ಲಿ ಉಳಿದದ್ದನ್ನು ತೂಗಿದಾಗ ನಿಜವಾದ ಸೋರಿಕೆ ಸಿಕ್ಕಿತು. ತೊಗರಿ ಹೊಟ್ಟಿನಲ್ಲಿ ಮರಿಗಳು ಎಲೆಯನ್ನೇ ಆರಿಸಿ ತಿಂದು ಕಡ್ಡಿ ಬಿಡುತ್ತಿದ್ದವು. ಕಾಲಡಿ ಬಿದ್ದು ಗಂಜಲ ತಾಗಿದ್ದನ್ನು ಮೂಸುತ್ತಲೂ ಇರಲಿಲ್ಲ. ಗೋದಲಿಯನ್ನು ಮರಿಗಳ ಎದೆಮಟ್ಟಕ್ಕೆ ಏರಿಸಿ, ದಿನಕ್ಕೆ 3 ಸಲ ಸ್ವಲ್ಪಸ್ವಲ್ಪವೇ ಹಾಕಿದೆ. ಮೊದಲು ಒಂದು ಕೆ.ಜಿ. ತೂಕ ಏರಲು ಸುಮಾರು 10 ಕೆ.ಜಿ. ಒಣಮೇವು, ಹಿಂಡಿ ಹಿಡಿಯುತ್ತಿತ್ತು. ಅದು 8ರ ಹತ್ತಿರಕ್ಕೆ ಇಳಿಯಿತು.

ಮರಿ ಬಲಿತಂತೆ ಈ ಲೆಕ್ಕ ಕೆಡುತ್ತದೆ. ಎಳೆಯ ಮೈ ಮಾಂಸ ಕಟ್ಟುತ್ತದೆ, ಅದರಲ್ಲಿ ಹೆಚ್ಚುಪಾಲು ನೀರು. ಬಲಿತ ಮೈ ಕೊಬ್ಬು ಕಟ್ಟುತ್ತದೆ, ಅದಕ್ಕೆ ಮೇವು ಬಹಳ ಬೇಕು. ದೊಡ್ಡ ಮೈಯನ್ನು ಇದ್ದ ಹಾಗೆ ಉಳಿಸಿಕೊಳ್ಳುವುದಕ್ಕೇ ದಿನದ ಮೇವಿನಲ್ಲಿ ದೊಡ್ಡ ಪಾಲು ಹೋಗುತ್ತದೆ. ಹಾಗಾಗಿ ಏರಿಕೆ ನಿಧಾನವಾದದ್ದು ಎರಡು ಸಲದ ತೂಕದಲ್ಲಿ ಕಂಡರೆ ಮಾರಿಬಿಡುತ್ತೇನೆ. ಬಕ್ರೀದ್ ಒಂದೆರಡು ವಾರದಲ್ಲಿದ್ದರೆ ಮಾತ್ರ ಕಾಯುತ್ತೇನೆ.

ತಾಯಿ ಕುರಿಗಳ ಲೆಕ್ಕವೇ ಬೇರೆ. ಗೋದಲಿಗೆ ನುಗ್ಗಿ ತಿಂದು ದುಂಡಗಾದ ಕುರಿಯನ್ನು ನಾನು ಒಳ್ಳೆಯ ತಳಿಯೆಂದು ಉಳಿಸಿಕೊಂಡಿದ್ದೆ; ಹಾಲು ಬಿಡಿಸುವಾಗ ಅದರ ಮರಿಯೇ ಎಲ್ಲಕ್ಕಿಂತ ಹಗುರ. ಎಡಗಿವಿ ಸೀಳಿದ ಇನ್ನೊಂದು ಕುರಿ ಬಡಕಲಾಗಿ ಕಂಡರೂ, ಕಡಿಮೆ ತಿಂದು ಪ್ರತಿ ಸೂಲಿನಲ್ಲೂ ಭಾರದ ಮರಿ ಕೊಡುತ್ತಿತ್ತು. ಅಂದಿನಿಂದ ಕುರಿಯನ್ನು ಅದರ ಮರಿಯ ತೂಕದಿಂದ ಆರಿಸುತ್ತೇನೆ. ಟಗರು ಬಿಡುವ 3 ವಾರ ಮೊದಲು, ಗಬ್ಬದ ಕೊನೆಯ 6 ವಾರ, ಮರಿ ಹಾಕಿದ 2 ತಿಂಗಳು ದಿನಕ್ಕೆ ಸುಮಾರು 250 ಗ್ರಾಂ ಹಿಂಡಿ, ಕಾಳು ಕೊಡುತ್ತೇನೆ. ಉಳಿದ ದಿನಗಳಲ್ಲಿ ಬೆನ್ನುಮೂಳೆಯ ಮೇಲೆ ಕೈಯಾಡಿಸಿ, ಮೂಳೆ ಚೂಪಾಗಿ ತಾಗಿದವಕ್ಕೆ ಮಾತ್ರ.

ಸೀಳುಗಿವಿಯ ಕುರಿಯ ಮುಂದಿನ ಹಲ್ಲು ಎರಡು ಈ ವರ್ಷ ಉದುರಿವೆ. ಅದಕ್ಕೆ ತೊಗರಿ ಹೊಟ್ಟನ್ನು ಜರಡಿ ಹಿಡಿದು ಎಲೆಯನ್ನಷ್ಟೇ ಬೇರೆ ಬುಟ್ಟಿಯಲ್ಲಿ ಇಡುತ್ತೇನೆ. ಅದರ ಎರಡು ಹೆಣ್ಣುಮರಿಗಳನ್ನು ಎಷ್ಟು ಬೆಲೆಗೆ ಕೇಳಿದರೂ ಕೊಟ್ಟಿಲ್ಲ.